ಬೇರಿಗೂ ಒಂದು ಕತ್ತರಿ

ಬೇರಿಗೆ ಕತ್ತರಿ ಹಾಕಬೇಕು ಅಂದ ಕೂಡಲೇ ನಮ್ಮ ಚಳ್ಳಕೆರೆ ಕಡೆಯವರ ಮುಖ ಸಪ್ಪಗಾಗಿಬಿಡುತ್ತೆ ಕಣಕ್ಕಾ. ಕೊಂಬೆ ಸವರಿ ಅನ್ನಿ, ಮರುಮಾತಿಲ್ಲದೆ ಮಚ್ಚು ತರ್ತಾರೆ. ಕುಡಿ ಚಿವುಟಿ ಅನ್ನಿ, ಅದಕ್ಕೂ ಸೈ. ಬೇರು ಅಂದ್ರೆ ಮಾತ್ರ ಕೈ ಹಿಂದೆ ಸರಿಯುತ್ತೆ. ಸರಿಯದೆ ಇನ್ನೇನು ಮಾಡೀತು? ವರ್ಷದ ಮಳೆ 500 ಮಿ.ಮೀ. ಆಸುಪಾಸಿನಲ್ಲೇ ತೂಗಾಡೋ ಸೀಮೆ ನಮ್ಮದು. ಹೊಲದ ಬದುವಿನ ಜಾಲಿ, ಹಟ್ಟಿ ಮುಂದಿನ ಬೇವು, ಇವೆಲ್ಲ ಬೇಸಿಗೆ ದಾಟೋದೇ ಆಳಕ್ಕೆ ಇಳಿದ ಬೇರಿನ ದಯದಿಂದ. ಅಂಥ ಊರಲ್ಲಿ ಹುಟ್ಟಿ ಬೆಳೆದವರಿಗೆ, ಅಡುಗೆಮನೆ ಕಟ್ಟೆ ಮೇಲೆ, ಲೈಟಿನ ಕೆಳಗೆ, ಡಬ್ಬಿ ನೀರಲ್ಲಿ ಬೆಳೆದ ಪುದೀನದ ಬೇರನ್ನ ಮೂರರಲ್ಲಿ ಒಂದು ಪಾಲು ಕತ್ತರಿಸಿ ತೆಗೀರಿ ಅಂದ್ರೆ ಹೊಟ್ಟೆ ಚುರುಕ್ ಅನ್ನದೆ ಇರುತ್ತಾ?

ಆದ್ರೂ ಕತ್ತರಿಸಲೇಬೇಕು ಅಂತ ನಾನು ಹಟ ಹಿಡಿಯೋದಕ್ಕೆ ಕಾರಣ ಐತೆ. ಹೊಲದ ಬೇರು ನೀರು ಹುಡುಕ್ಕೊಂಡು ಹೋಗುತ್ತೆ. ಡಬ್ಬಿಯ ಬೇರಿಗೆ ಹುಡುಕೋ ಕೆಲಸವೇ ಇಲ್ಲ, ನೀರೂ ಗೊಬ್ಬರವೂ ಬಾಯಿ ಮುಂದೇನೇ ಇರುತ್ತೆ. ಹಾಗಂತ ಹುಟ್ಟುಗುಣ ಬಿಟ್ಟೀತಾ? ಬೆಳೀತಾನೇ ಹೋಗುತ್ತೆ. ಡಬ್ಬಿ ಗೋಡೆ ಮುಟ್ಟಿ, ಅಲ್ಲಿಂದ ತಿರುಗಿ, ಸುತ್ತು ಹಾಕಿ, ಕೊನೆಗೆ ತಳದಲ್ಲಿ ದಪ್ಪಗೆ ಜಡೆ ಕಟ್ಟಿ ಕೂತ್ಕೊಳ್ಳುತ್ತೆ. ಒಂದೆರಡು ಎಳೆ ಪಂಪಿನ ಬಾಯಿಗೂ ನುಗ್ಗುತ್ತೆ. ಅಷ್ಟು ಹೊತ್ತೂ ಮೆತ್ತಗೆ ಗುನುಗುತ್ತಿದ್ದ ಪಂಪು ಗೊರಗೊರ ಅನ್ನೋಕೆ ಶುರು ಮಾಡಿದ್ರೆ, ಪಂಪು ಕೆಟ್ಟಿತು ಅಂತ ಅಂಗಡಿಗೆ ಓಡೋದಕ್ಕಿಂತ ಮೊದಲು ಮುಚ್ಚಳ ಎತ್ತಿ ನೋಡಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋ ಬುದ್ಧಿ ಮನುಷ್ಯರಿಗೇ ಕಷ್ಟ, ಪುದೀನಕ್ಕೆ ಎಲ್ಲಿಂದ ಬರಬೇಕು, ಅಲ್ವಾ?

ಜಡೆ ಕಟ್ಟಿದ್ರೆ ಕಟ್ಟಲಿ ಬಿಡಿ, ಗಿಡ ಹಸಿರಾಗೇ ಇದೆಯಲ್ಲ ಅಂತೀರಿ. ಅಲ್ಲೇ ಇರೋದು ವಿಷಯ. ಬೇರಿಗೆ ನೀರು ಎಷ್ಟು ಬೇಕೋ ಉಸಿರೂ ಅಷ್ಟೇ ಬೇಕು. ನೀರಲ್ಲಿ ಕರಗಿದ ಆಮ್ಲಜನಕವನ್ನ ಅದು ಹೀರ್ಕೊಂಡು ಬದುಕುತ್ತೆ. ಜಡೆ ಒಳಗೆ ಸಿಕ್ಕಿಬಿದ್ದ ಬೇರಿಗೆ ನೀರು ಹರಿದಾಡೋದಿಲ್ಲ, ಉಸಿರು ಸಿಗೋದಿಲ್ಲ. ಅದು ಮೊದಲು ಕಂದುತ್ತೆ, ಆಮೇಲೆ ಲೋಳೆಯಾಗುತ್ತೆ, ಆಮೇಲೆ ವಾಸನೆ. ಪಿಥಿಯಂ ಅಂತ ಒಂದು ರೋಗಾಣು ಐತೆ, ಬೇರು ಕೊಳೆಸೋದೇ ಅದರ ಕಸುಬು. ಇಂಥ ಉಸಿರುಗಟ್ಟಿದ ಜಾಗಕ್ಕೇ ಅದು ಕಾದು ಕೂತಿರುತ್ತೆ. ಅದಕ್ಕೇ ನಾನು ಹೇಳೋದು, ಬೇರು ಸವರೋದು ಚೆಂದ ಕಾಣಲಿ ಅಂತಲ್ಲ, ಮಿಕ್ಕ ಬೇರು ಉಸಿರಾಡಲಿ ಅಂತ.

ಇದರ ಜೊತೆಗೆ ನಮ್ಮೂರ ಬಿಸಿಲನ್ನ ಸೇರಿಸ್ಕೊಳ್ಳಿ. 20 ಡಿಗ್ರಿ ಇರೋ ನೀರಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತೆ. ಅದೇ ನೀರು 30 ಡಿಗ್ರಿ ಮುಟ್ಟಿದ್ರೆ ಏಳೂವರೆಗೆ ಇಳಿಯುತ್ತೆ. ಕಾವು ಏರಿದಷ್ಟೂ ಬೇರಿನ ಉಸಿರಾಟ ಜಾಸ್ತಿ, ಸಿಗೋ ಉಸಿರು ಕಮ್ಮಿ. ಅತ್ತ ದರಿ, ಇತ್ತ ಪುಲಿ. ಈ ಡಬ್ಬಿಗಳನ್ನ ಮಾಡಿದ ದೇಶದವರು ನೀರು 18ರಿಂದ 22 ಡಿಗ್ರಿ ಇರಲಿ ಅಂತ ಪುಸ್ತಕದಲ್ಲಿ ಬರೆದು ಕೈ ತೊಳ್ಕೊಂಡ್ರು. ಏಪ್ರಿಲ್‌ನಲ್ಲಿ 40ರ ಹತ್ತಿರ ಹೋಗೋ ಚಳ್ಳಕೆರೆಯಲ್ಲಿ, ಮಧ್ಯಾಹ್ನ ನಲ್ಲಿ ತಿರುಗಿಸಿದ್ರೆ ಬರೋದೇ ಸ್ನಾನದ ನೀರು! ಹಾಗಾಗಿ ನಮ್ಮ ಕಡೆ ಬೇರು ಸವರೋದಿದ್ರೆ ಶಿವರಾತ್ರಿಯೊಳಗೆ ಮುಗಿಸಿಬಿಡಬೇಕು ಅನ್ನೋದು ನನ್ನ ಲೆಕ್ಕ. ಚಳಿ ಬಿಟ್ಟು ಬಿಸಿಲು ಬಲಿಯೋ ಮುಂಚೆ ಹೊಸ ಬೇರು ಬಂದಿರಬೇಕು. ಯುಗಾದಿ ಆಚೆಗೆ ಕತ್ತರಿ ಮುಟ್ಟೋದೇ ಬೇಡ. ಬೇಸಿಗೆಯಲ್ಲಿ ಡಬ್ಬಿಗೆ ಒದ್ದೆ ಗೋಣಿ ಸುತ್ತಿ. ಶೇಂಗಾ ಊರಲ್ಲಿ ಗೋಣಿಚೀಲಕ್ಕೇನು ಬರ? ನಮ್ಮ ಒಣ ಗಾಳಿಗೆ ಒದ್ದೆ ಗೋಣಿ ಬಲು ಬೇಗ ತಂಪು ಕೊಡುತ್ತೆ. ಕರಾವಳಿಯವರು ಇದನ್ನ ಮಾಡಿದ್ರೆ ಗೋಣಿ ಒದ್ದೆಯಾಗೇ ಇರುತ್ತೆ, ನೀರು ಬಿಸಿಯಾಗೇ ಇರುತ್ತೆ. ಈ ಒಂದು ವಿಷಯದಲ್ಲಿ ಒಣ ಸೀಮೆಯವರೇ ಭಾಗ್ಯವಂತರು.

ಎಲ್ಲ ಬೇರೂ ಒಂದೇ ಅಂತ ತಿಳೀಬೇಡಿ ಮತ್ತೆ. ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ ಅನ್ನೋರು ಪಂಪೂ ಇಲ್ಲ, ಕರೆಂಟೂ ಇಲ್ಲದ ಒಂದು ವಿಧಾನ ರೂಢಿಗೆ ತಂದ್ರು. ಡಬ್ಬಿಗೆ ನೀರು ತುಂಬಿ ಗಿಡ ಇಡೋದು, ಗಿಡ ಕುಡಿದಂಗೆಲ್ಲ ನೀರು ಇಳಿಯುತ್ತೆ, ಇಳಿದ ಜಾಗದಲ್ಲಿ ಗಾಳಿ ನಿಲ್ಲುತ್ತೆ. ಆ ಗಾಳಿ ಜಾಗದಲ್ಲಿ ತೂಗಾಡೋ ಬೇರು ಬೇರೆ ಥರದ್ದೇ ಆಗಿಬಿಡುತ್ತೆ, ಗಿಡ್ಡಗೆ, ಪೊದೆಪೊದೆಯಾಗಿ, ಮೈತುಂಬ ನವಿರು. ಅದು ಉಸಿರಾಡೋಕೆ. ಕೆಳಗೆ ನೀರಲ್ಲಿ ಉದ್ದಕ್ಕೆ ಇಳಿದಿದ್ದು ಕುಡಿಯೋಕೆ. ಕತ್ತರಿ ಏನಿದ್ರೂ ಕೆಳಗಿನದಕ್ಕೆ. ಮೇಲಿನ ನವಿರು ಬೇರನ್ನ ಮುಟ್ಟಿದ್ರೆ ಗಿಡದ ಮೂಗು ಹಿಡಿದಂಗೇ ಸರಿ. ಇನ್ನೊಂದು, ನೀರು ಕಮ್ಮಿಯಾಯ್ತಲ್ಲ ಅಂತ ಕರುಣೆ ಉಕ್ಕಿ ಡಬ್ಬಿ ಕಂಠದವರೆಗೆ ತುಂಬೋರಿದ್ದಾರೆ. ಗಾಳಿಗೆ ಹೊಂದಿಕೊಂಡ ಬೇರು ಒಂದೇ ಸಲ ಮುಳುಗಿ ಗಿಡ ಸೊರಗುತ್ತೆ. ನೀರಿಲ್ಲದ ಊರವರಿಗೆ ನೀರು ತುಂಬೋ ಆಸೆ ಸಹಜ ಬಿಡಿ, ಆದರೆ ಡಬ್ಬಿಯಲ್ಲಿ ಒಂದಿಷ್ಟಾದ್ರೂ ಗಾಳಿ ಇರಲಿ. ಹೊತ್ತುಗೊತ್ತಿಲ್ಲದೆ ಕರೆಂಟ್ ಹೋಗೋ ನಮ್ಮಂಥ ಊರಿಗೆ ಈ ಕ್ರಾಟ್ಕಿ ವಿಧಾನವೇ ಲಾಯಕ್ಕು ಅಂತ ನನ್ನ ಅಭಿಪ್ರಾಯ.

ಹೇಳಬೇಕಂದ್ರೆ ಇದೇನು ಹೊಸದಾ? ಮನಿಪ್ಲಾಂಟ್ ಇಲ್ಲದ ಮನೆ ಯಾವುದು ಹೇಳಿ. ಹಾರ್ಲಿಕ್ಸ್ ಬಾಟ್ಲಿ ಖಾಲಿಯಾದ ಮರುದಿನವೇ ಅದರಲ್ಲಿ ನೀರು, ನೀರಲ್ಲಿ ಮನಿಪ್ಲಾಂಟ್, ಬಾಟ್ಲಿ ಹೋಗಿ ಟಿವಿ ಪಕ್ಕ. ಯಾರೂ ಅದಕ್ಕೆ ಹೈಡ್ರೋಪೋನಿಕ್ಸ್ ಅನ್ನಲಿಲ್ಲ, ಅಷ್ಟೇ. ಮೊಳಕಾಲ್ಮುರಿನಲ್ಲಿ ಒಂದು ನೇಕಾರರ ಮನೆಗೆ ಹೋಗಿದ್ದೆ, ಮದುವೆ ಸೀರೆಗೆ ಅಂತ. ಅಲ್ಲಿನ ರೇಷ್ಮೆ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ನಿಮಗೆ ಗೊತ್ತಿರೋದೇ. ಸೀರೆ ಕತೆ ಇರಲಿ, ನನ್ನ ಕಣ್ಣು ಬಿದ್ದಿದ್ದು ಕುಣಿಮಗ್ಗದ ಪಕ್ಕದ ಕಿಟಕಿ ಮೇಲೆ. ಅಲ್ಲೊಂದು ಬಾಟ್ಲಿ, ಬಾಟ್ಲಿ ಒಳಗೆ ಬೇರು ಎಷ್ಟು ಕಿಕ್ಕಿರಿದಿತ್ತು ಅಂದ್ರೆ ನೀರಿಗೇ ಜಾಗ ಇರಲಿಲ್ಲ. ಆ ಮನೆ ಅಜ್ಜಿ ಅದನ್ನ ಬೋಗುಣಿಯೊಳಗೆ ನೀರು ತುಂಬಿ ಮುಳುಗಿಸಿ ಕೂತಿದ್ರು. ಗಂಟುಬಿದ್ದ ರೇಷ್ಮೆ ಲಡಿ ಬಿಡಿಸೋ ಹಾಗೇನೇ ಬೇರು ಬಿಡಿಸ್ತಿದ್ರು, ಎಳೆಯೋದಿಲ್ಲ, ಜಗ್ಗೋದಿಲ್ಲ, ಎರಡು ಬೆರಳಲ್ಲಿ ಗಂಟನ್ನ ಸಡಿಲ ಮಾಡ್ತಾ ಮಾಡ್ತಾ ತುದಿ ಹುಡುಕೋದು. ತುದಿ ಸಿಕ್ಕಿದ ಮೇಲೆ ಅದನ್ನ ನೀರಲ್ಲೇ ಅಲ್ಲಾಡಿಸಿ ಪಕ್ಕಕ್ಕೆ ಬಿಡೋದು. ಇನ್ನೊಂದು ಎಳೆ. "ಒಣಗಿಸ್ಕೊಂಡು ಬಿಡಿಸಿದ್ರೆ ಹರೀತೈತಪ್ಪಾ, ನೀರಾಗೇ ಬಿಡುಸ್ಬೇಕು" ಅಂದ್ರು. ಬೇರು ಸವರೋ ವಿದ್ಯೆಯಲ್ಲಿ ಮುಕ್ಕಾಲು ಪಾಲು ಆ ಒಂದು ಮಾತಲ್ಲೇ ಇದೆ. ಕತ್ತರಿಗಿಂತ ಮೊದಲು ಬೆರಳು ಕೆಲಸ ಮಾಡಬೇಕು.

ಬಿಡಿಸಿದ ಮೇಲೆ ನೋಡಿ, ಯಾವುದು ಬೆಳ್ಳಗೆ ಗಟ್ಟಿಯಾಗಿದೆ, ಯಾವುದು ಕಂದಿ ಮೆತ್ತಗಾಗಿದೆ ಅಂತ ತಾನಾಗೇ ಬೇರೆಯಾಗುತ್ತೆ. ಮೆತ್ತಗಾಗಿದ್ದೆಲ್ಲ ಮುಲಾಜಿಲ್ಲದೆ ಹೋಗಲಿ. ಆಮೇಲೆ ಒಳ್ಳೆ ಬೇರನ್ನ ಮುಷ್ಟಿಯಲ್ಲಿ ಸೇರಿಸಿ ಹಿಡಿದು, ತಳದಿಂದ ಮೂರರಲ್ಲಿ ಒಂದು ಪಾಲು ಒಂದೇ ಏಟಿಗೆ ಕತ್ತರಿಸೋದು. ಕತ್ತರಿ ಹರಿತವಾಗಿರಬೇಕು. ಈರುಳ್ಳಿ ಹೆಚ್ಚಿದ ಕತ್ತರಿ, ಹಾಲಿನ ಪಾಕೀಟು ಕತ್ತರಿಸಿದ ಕತ್ತರಿ ತರಬೇಡಿ, ಸ್ಪಿರಿಟ್‌ನಲ್ಲಿ ಒರೆಸಿದ್ದು ಇರಲಿ. ಒಂದು ಗಿಡಕ್ಕೂ ಇನ್ನೊಂದಕ್ಕೂ ಮಧ್ಯೆ ಮತ್ತೊಮ್ಮೆ ಒರೆಸ್ಕೊಳ್ಳಿ. ಸಂಜೆ ಹೊತ್ತು, ಲೈಟು ಆರಿಸಿದ ಮೇಲೆ ಮಾಡಿದ್ರೆ ಗಿಡಕ್ಕೆ ರಾತ್ರಿಯಿಡೀ ಸುಧಾರಿಸ್ಕೊಳ್ಳೋಕೆ ಪುರುಸೊತ್ತು. ನೀರು ಹೊಸದು ಹಾಕಿ, ಗೊಬ್ಬರದ ದ್ರಾವಣ ಅರ್ಧ ಮಾತ್ರ. ಮರುದಿನ ಎಲೆ ಒಂಚೂರು ಜೋಲುತ್ತೆ. ಗಾಬರಿ ಬೇಡ.

ಬೇರು ಕಡಿದ ಮೇಲೆ ಮೇಲಿನ ಎಲೆನೂ ಅಷ್ಟೇ ಪಾಲು ಕೊಯ್ಯಬೇಕು ಅನ್ನೋದನ್ನ ಮಾತ್ರ ಬಹಳ ಜನ ಮರೀತಾರೆ. ಕುಡಿಯೋ ಬಾಯಿ ಕಮ್ಮಿಯಾಗಿ ಬೆವರೋ ಎಲೆ ಅಷ್ಟೇ ಉಳಿದ್ರೆ ಗಿಡ ಏನು ಮಾಡೀತು? ನಮ್ಮ ಹೊಲದವರಿಗೆ ಇದು ಗೊತ್ತಿಲ್ಲದ್ದೇನಲ್ಲ. ಈರುಳ್ಳಿ ಸಸಿ ಮಡಿಯಿಂದ ಕಿತ್ತು ನೆಡುವಾಗ ಎಲೆ ತುದಿಯನ್ನ ಕಟ್ಟುಕಟ್ಟಾಗಿ ಹಿಡಿದು ಕತ್ತರಿಸೋದನ್ನ ನೋಡಿರ್ತೀರಿ. ಅದು ಇದೇ ಲೆಕ್ಕ, ಕಿತ್ತಾಗ ಹರಿದ ಬೇರಿಗೆ ಮೇಲಿನ ಭಾರ ಇಳಿಸೋದು. ನಮ್ಮ ಅಮೃತ ಮಹಲ್ ಕಾವಲುಗಳ ಹುಲ್ಲೂ ಅಷ್ಟೇ. ಕುರಿ ಮೇಲೆ ಮೇಯ್ದಷ್ಟೂ ಕೆಳಗೆ ಬೇರಿನ ಬೆಳವಣಿಗೆಯೂ ತಗ್ಗುತ್ತೆ, ಮಳೆ ಬಿದ್ದು ಮೇಲೆ ಚಿಗುರಿದಾಗ ಕೆಳಗೂ ಕೊನರುತ್ತೆ. ಅದಕ್ಕೇ ಕುರಿಯವರು ಒಂದೇ ಕಡೆ ಠಿಕಾಣಿ ಹೂಡದೆ ಹಟ್ಟಿಯಿಂದ ಹಟ್ಟಿಗೆ ಹೋಗ್ತಿದ್ದದ್ದು ಹುಲ್ಲಿಗೂ ಒಳ್ಳೇದೇ ಆಯ್ತು. ಈಗ ಆ ಕಾವಲಿನ ಬಹುಪಾಲಿಗೆ ಬೇಲಿ ಬಿದ್ದಿದೆ, ಒಳಗೆ ವಿಜ್ಞಾನದ ಸಂಸ್ಥೆಗಳು. ಆ ಮಾತು ಎತ್ತಿದ್ರೆ ಇವತ್ತು ಮುಗಿಯೋದಿಲ್ಲ, ಬಿಡಿ.

ಕತ್ತರಿಸಿದ ಜಾಗದಲ್ಲಿ ಏನಾಗುತ್ತೆ ಅನ್ನೋದೇ ನನಗೆ ಬಲು ಸೋಜಿಗ. ಪ್ರತಿ ಬೇರಿನ ತುದಿಗೂ ಒಂದು ಯಜಮಾನಿಕೆ ಇರುತ್ತೆ, ಅಕ್ಕಪಕ್ಕ ಕವಲು ಒಡೆಯೋಕೆ ಅದು ಸುಲಭಕ್ಕೆ ಬಿಡೋದಿಲ್ಲ. ತುದಿ ಹೋಯ್ತು ಅಂದ್ಕೊಳ್ಳಿ, ಮೇಲಿನಿಂದ ಇಳಿದು ಬರೋ ಆಕ್ಸಿನ್ ಅನ್ನೋ ಬೆಳವಣಿಗೆಯ ರಸ ಅಲ್ಲೇ ನಿಂತು, ಹಿಂದಿನ ಭಾಗದಲ್ಲಿ ಸುತ್ತಲೂ ಸಣ್ಣ ಸಣ್ಣ ಕವಲು ಹೊರಡುತ್ತೆ. ವಾರ ಕಳೆಯೋದರೊಳಗೆ ಕಾಣುತ್ತೆ, ಹಾಲುಬಿಳುಪಿನ ಮೊನೆಗಳು, ಕತ್ತರಿಸಿದ ಬಾಯಿಯ ಸ್ವಲ್ಪ ಮೇಲೆ. ಒಂದು ಉದ್ದನೆ ಬೇರು ಹೋಗಿ ಹತ್ತು ಗಿಡ್ಡ ಬೇರು. ಗಿಡಕ್ಕೆ ನಷ್ಟವೇನೂ ಇಲ್ಲ, ಹೀರೋ ಕೆಲಸ ಮಾಡೋದು ಎಳೆ ತುದಿಗಳೇ ತಾನೆ. ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಬೋನ್ಸಾಯ್ ತೋಟಕ್ಕೆ ಹೋದ್ರೆ ನೋಡಿ, ಗೇಣುದ್ದದ ಆಲ, ಮೊಳದುದ್ದದ ಅತ್ತಿ. ಅಷ್ಟು ಚಿಕ್ಕ ತಟ್ಟೆಯಲ್ಲಿ ಮರ ವರ್ಷಾನುಗಟ್ಟಲೆ ಇರೋದಕ್ಕೆ ಆಗಾಗ ಬೇರು ಸವರೋದೇ ಮುಖ್ಯ ಕಾರಣ.

ಹಾಗಂತ ಎಲೆ ತುದಿ ಒಣಗಿದ್ದಕ್ಕೆಲ್ಲ ಬೇರೇ ತಪ್ಪಿತಸ್ಥ ಅಲ್ಲ. ಭಾವನೋರ ಮೇಜಿನ ಮೇಲೆ ಲಕ್ಕಿ ಬ್ಯಾಂಬೂ ಇದೆಯಲ್ಲ, ಗಾಜಿನ ಲೋಟದಲ್ಲಿ ನಾಲ್ಕು ಕಡ್ಡಿ. ಅದು ಬಿದಿರೇ ಅಲ್ಲ, ಡ್ರಸೀನಾ ಜಾತಿದು. ಅದರ ಎಲೆ ತುದಿ ಕಂದಾಯ್ತು ಅಂತ ಕಡ್ಡಿ ಎತ್ತಿ ನೋಡ್ತಾರೆ, ಬೇರು ಕೆಂಪಗಿರುತ್ತೆ. ಅಯ್ಯೋ ಕೊಳೆತಿದೆ ಅಂತ ಕಚಕ್ ಅಂತ ಕತ್ತರಿಸಿಬಿಡ್ತಾರೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ! ಡ್ರಸೀನಾ ಬೇರಿನ ಬಣ್ಣವೇ ಕೆಂಪು, ಗಟ್ಟಿಯಾಗಿ ಇರೋವರೆಗೆ ಅದು ಆರೋಗ್ಯದ ಲಕ್ಷಣ. ತುದಿ ಸುಡ್ತಿರೋದು ನಮ್ಮ ಬೋರ್‌ವೆಲ್ ನೀರಿನ ಫ್ಲೋರೈಡು. ಕುಡಿಯೋ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ಇದ್ರೆ ಸರಿ, ಬೇರೆ ದಾರಿ ಇಲ್ಲದಾಗ 1.5ರವರೆಗೆ ಪರವಾಗಿಲ್ಲ ಅನ್ನೋದು ಸರ್ಕಾರದ ಮಾನದಂಡ. ನಮ್ಮ ಚಳ್ಳಕೆರೆ, ಮೊಳಕಾಲ್ಮುರು, ಆಚೆ ಪಾವಗಡದ ಎಷ್ಟೋ ಹಳ್ಳಿಗಳ ಬೋರ್ ನೀರು ಆ ಗೆರೆ ದಾಟಿದ್ದಕ್ಕೇ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಬಂದಿದ್ದು, ಅದಕ್ಕೇ ತುಂಗಭದ್ರಾ ಹಿನ್ನೀರನ್ನ ಪೈಪಿನಲ್ಲಿ ಈ ತಾಲ್ಲೂಕುಗಳಿಗೆ ತರೋ ಯೋಜನೆ ಆಗಿದ್ದು. ಡ್ರಸೀನಾ, ಸ್ಪೈಡರ್ ಪ್ಲಾಂಟ್ ಇವೆರಡೂ ಫ್ಲೋರೈಡಿಗೆ ಬಲು ಸೂಕ್ಷ್ಮ. ಎಲೆ ತುದಿಯಲ್ಲಿ ಅದು ಸೇರಿ ಸೇರಿ ಸುಡುತ್ತೆ. ಹಲ್ಲು ನೋಡಿ ಊರ ನೀರು ಹೇಳೋ ಹಾಗೆ ಈ ಗಿಡ ನೋಡಿಯೂ ಹೇಳಬಹುದು.

ಆಗ ಮಾಡಬೇಕಾದ್ದು ನೀರು ಬದಲಿಸೋದು. ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನು ತುಂಬಿಸ್ಕೊಂಡು ಬರ್ತೀವಲ್ಲ, ಆ ನೀರು ಹಾಕಿ. ಆದರೆ ಅದರಲ್ಲೂ ಒಂದು ಮಾತಿದೆ. ಆ ಯಂತ್ರ ಫ್ಲೋರೈಡಿನ ಜೊತೆ ಸುಣ್ಣದ ಅಂಶವನ್ನೂ ತೆಗೆದುಬಿಟ್ಟಿರುತ್ತೆ. ಸುಣ್ಣ ಸಾಲದೆ ಲೆಟ್ಯೂಸಿನ ಎಳೆ ಎಲೆ ಅಂಚು ಕರಕಲಾಗುತ್ತೆ. ಆದ್ದರಿಂದ ಗೊಬ್ಬರದ ದ್ರಾವಣದಲ್ಲಿ ಕ್ಯಾಲ್ಸಿಯಂ ನೈಟ್ರೇಟ್ ಇರಲೇಬೇಕು. ಎ ಬಾಟ್ಲಿ, ಬಿ ಬಾಟ್ಲಿ ಅಂತ ಎರಡು ಬೇರೆ ಬೇರೆ ಕೊಡ್ತಾರಲ್ಲ, ಯಾಕೆ ಅಂತ ಕೇಳಿದ್ರಿ ಅವತ್ತು. ಒಂದರಲ್ಲಿ ಈ ಕ್ಯಾಲ್ಸಿಯಂ, ಇನ್ನೊಂದರಲ್ಲಿ ಸಲ್ಫೇಟು, ಫಾಸ್ಫೇಟು. ಮಂದ ದ್ರಾವಣಗಳನ್ನ ನೇರ ಬೆರೆಸಿದ್ರೆ ಬೆಳ್ಳಗೆ ಗಸಿ ಕೂರುತ್ತೆ. ಆ ಗಸಿಯಲ್ಲಿ ಇರೋದೇನು ಗೊತ್ತಾ? ನಮ್ಮ ಜಿಪ್ಸಂ! ಶೇಂಗಾ ಹೊಲಕ್ಕೆ ಎಕರೆಗೆ 200 ಕೆಜಿ ಹಾಕಿ ಅಂತ ಕೃಷಿ ಇಲಾಖೆಯವರು ಹೇಳ್ತಾರಲ್ಲ, ಅದೇ. ಡಬ್ಬಿಯಲ್ಲಿ ಅದು ಗಸಿಯಾಗಿ ಕೂತ್ರೆ ಗಿಡಕ್ಕೆ ದಕ್ಕೋದಿಲ್ಲ, ಹೊಲದಲ್ಲಿ ಕಾಯಿ ಕಟ್ಟೋ ಹೊತ್ತಿಗೆ ಮಣ್ಣಲ್ಲಿದ್ರೆ ಶೇಂಗಾಕ್ಕೆ ಅದೇ ಜೀವ.

ಶೇಂಗಾದ್ದು ಇನ್ನೂ ವಿಚಿತ್ರ. ಮಿಕ್ಕ ಗಿಡಗಳಿಗೆಲ್ಲ ಬೇರು ಕುಡಿದಿದ್ದು ಮೇಲಕ್ಕೆ ಹೋಗಿ ಕಾಯಿಗೆ ತಲುಪಬೇಕು. ಶೇಂಗಾದಲ್ಲಿ ಕಾಯಿ ತನಗೆ ಬೇಕಾದ ಕ್ಯಾಲ್ಸಿಯಮ್ಮನ್ನ ಮಣ್ಣಿನಿಂದ ತಾನೇ ಸಿಪ್ಪೆ ಮೂಲಕ ಹೀರುತ್ತೆ. ಬೇರು ಎಷ್ಟೇ ಕುಡಿದ್ರೂ ಅದು ಎಲೆಗೆ ಹೋಗುತ್ತೆ, ಕೆಳಗೆ ಮಣ್ಣಲ್ಲಿರೋ ಕಾಯಿಗೆ ವಾಪಸ್ಸು ಇಳಿಯೋದಿಲ್ಲ. ಅದಕ್ಕೇ ಜಿಪ್ಸಂ ಗಿಡದ ಬುಡದಲ್ಲೇ ಬೀಳಬೇಕು, ಇಲ್ಲದಿದ್ರೆ ಜೊಳ್ಳು ಕಾಯಿ. ಎಣ್ಣೆ ಗಿರಣಿಗಳ ಊರಲ್ಲಿ ಇದ್ದುಕೊಂಡು ಇಂಥ ಬೆಳೆಯನ್ನ ದಿನಾ ನೋಡ್ತೀವಿ, ಅದರ ಕಾಯಿಗೆ ಬೇರಿನ ಬುದ್ಧಿ ಇದೆ ಅಂತ ಯಾರೂ ಮಾತಾಡೋದೇ ಇಲ್ಲ ನೋಡಿ.

ಮಣ್ಣಿಲ್ಲದೆ ಬೆಳೆಯೋ ಈ ವಿದ್ಯೆ ಜೋರಾಗಿದ್ದು ಅಮೆರಿಕದ ಬರ್ಕ್ಲಿಯಲ್ಲಿ, 1929ರ ಹೊತ್ತಿಗೆ. ವಿಲಿಯಂ ಗೆರಿಕೆ ಅನ್ನೋ ಪ್ರೊಫೆಸರು ನೀರಿನ ತೊಟ್ಟಿಯಲ್ಲಿ 25 ಅಡಿ ಎತ್ತರದ ಟೊಮ್ಯಾಟೊ ಬಳ್ಳಿ ಎಬ್ಬಿಸಿ, ಹಣ್ಣು ಕೀಳೋಕೆ ಏಣಿ ಹಾಕಿಸಿದ್ರು. ನಮ್ಮ ದೇಶದಲ್ಲಿ 1946ರಲ್ಲಿ ಕಾಲಿಂಪಾಂಗ್‌ನಲ್ಲಿ ಶೋಲ್ಟೊ ಡಗ್ಲಸ್ ಅನ್ನೋರು ಶುರು ಮಾಡಿ, ಬಡವರ ಕೈಗೂ ಎಟುಕೋ ಹಾಗೆ ಸರಳ ಮಾಡಿದ್ರು. ಇಲ್ಲದ ಕಡೆ ಗಿಡ ತಂದು ಬೆಳೆಸೋ ಆಸೆ ಮಾತ್ರ ಅದಕ್ಕಿಂತ ಬಹಳ ಹಳೇದು. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನ ಇರೋದನ್ನ 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ್ರಲ್ಲ, ಅವು ಕಿರು ಶಾಸನಗಳು, ಅದರಲ್ಲಿ ಗಿಡದ ಮಾತಿಲ್ಲ. ಗಡಿ ಆಚೆ ಕರ್ನೂಲಿನ ಎರ್ರಗುಡಿಯಲ್ಲಿ ದೊಡ್ಡ ಶಾಸನಗಳೂ ಇವೆ. ಅವುಗಳ ಪೈಕಿ ಎರಡನೆಯದರಲ್ಲಿ, ಮನುಷ್ಯರಿಗೂ ಪಶುಗಳಿಗೂ ಔಷಧವಾಗೋ ಗಿಡಮೂಲಿಕೆ ಎಲ್ಲಿ ಇಲ್ಲವೋ ಅಲ್ಲಿಗೆ ತರಿಸಿ ನೆಡಿಸಿದ ಸಂಗತಿ ಬರುತ್ತೆ. ಬೇರು, ಹಣ್ಣು ಎರಡನ್ನೂ ಹೆಸರಿಸಿ ಹೇಳ್ತಾನೆ ಅವನು. ಚಕ್ರವರ್ತಿಯೊಬ್ಬ ಬಂಡೆ ಮೇಲೆ ಬೇರಿನ ವಿಚಾರ ಕೆತ್ತಿಸಿದ ಅಂದ್ರೆ ನನಗೆ ಇವತ್ತಿಗೂ ಮೈ ಜುಂ ಅನ್ನುತ್ತೆ.

ಇತ್ತೀಚಿನದ್ದು ಕೇಳಿ. ನಮ್ಮ ಚಳ್ಳಕೆರೆ ಬಯಲಿನ ರನ್‌ವೇ ಮೇಲೇ ಇಸ್ರೋದ ಪುಷ್ಪಕ್ ಅನ್ನೋ ನೌಕೆ 2023ರಲ್ಲಿ ಒಂದು ಸಲ, 2024ರಲ್ಲಿ ಎರಡು ಸಲ ತಾನೇ ಬಂದು ಇಳೀತಲ್ಲ, ಅದೇ ಇಸ್ರೋದವರು 2024ರ ಡಿಸೆಂಬರ್ 30ರಂದು ಪಿಎಸ್‌ಎಲ್‌ವಿ ರಾಕೆಟ್‌ನಲ್ಲಿ ಒಂದು ಪುಟ್ಟ ಪೆಟ್ಟಿಗೆ ಕಳಿಸಿದ್ರು. ಒಳಗೆ ಎಂಟು ಅಲಸಂದೆ ಕಾಳು! ನಮ್ಮ ರೈತರು ಅಕ್ಕಡಿ ಸಾಲಿನಲ್ಲಿ ಹಾಕೋ ಅಲಸಂದೆ. ನಾಲ್ಕೇ ದಿನಕ್ಕೆ ಅಂತರಿಕ್ಷದಲ್ಲಿ ಮೊಳಕೆ ಒಡೆಯಿತು, ಆಮೇಲೆ ಎಲೆನೂ ಬಂತು. ಅಲ್ಲಿ ಕೆಳಗೆ ಅನ್ನೋದೇ ಇಲ್ಲ. ಭೂಮಿ ಎಳೆಯದಿದ್ರೆ ಬೇರಿಗೆ ತಾನು ಯಾವ ಕಡೆ ಹೋಗಬೇಕು ಅಂತ ಹೇಗೆ ತಿಳೀಬೇಕು? ತುದಿಯ ಟೊಪ್ಪಿಗೆಯಲ್ಲಿರೋ ಪಿಷ್ಟದ ಕಣಗಳು ತೂಕಕ್ಕೆ ಕೆಳಗೆ ಕೂತು ಬೇರಿಗೆ ದಿಕ್ಕು ತೋರಿಸೋದು, ಅಲ್ಲಿ ಅವು ಕೂರೋದೇ ಇಲ್ಲ. ಬೇರು ನೀರಿನ ಕಡೆ, ಬೆಳಕಿಗೆ ಬೆನ್ನು ಹಾಕಿ ಹೋಗಬೇಕು. ನಿಮ್ಮ ಪುದೀನದ್ದು ಪಂಪಿನ ಕಡೆ ನುಗ್ಗೋದನ್ನ ನೋಡಿ ಬೇಜಾರಾದಾಗ ಆ ಅಲಸಂದೆ ನೆನೆಸ್ಕೊಳ್ಳಿ.

ಪೈಪಿನ ತೋಟ ಮಾಡೋ ಯೋಚನೆ ಇದ್ರೆ ಒಂದು ಮಾತು. ಬಿಳಿ ಪೈಪಿಗೆ ತೂತು ಕೊರೆದು ಸಾಲಾಗಿ ಗಿಡ ಕೂರಿಸ್ತಾರಲ್ಲ, ಅದರೊಳಗೆ ಬೇಲಿ ಇರೋದಿಲ್ಲ. ಪುದೀನದ ಬೇರು ಪಕ್ಕದ ಕೊತ್ತಂಬರಿ ಮನೆಗೆ, ಅಲ್ಲಿಂದ ಪಾಲಕ್ ಮನೆಗೆ, ಹೇಳದೆ ಕೇಳದೆ. ಒಂದಕ್ಕೆ ಕೊಳೆ ರೋಗ ಬಂದ್ರೆ ಸಾಲಿಗೇ ಬಂತು. ಪೈಪು ಕಟ್ಟಿ ನೀರು ಉಕ್ಕಿ ಹಾಲಿನ ತುಂಬ ಹರಿದಿದ್ದೂ ಉಂಟು. ಪುದೀನಕ್ಕೆ ಯಾವತ್ತೂ ಬೇರೆ ಡಬ್ಬಿ ಕೊಡಿ, ಅದು ನೆರೆಹೊರೆ ಸಹಿಸೋ ಜಾತಿಯಲ್ಲ. ಇನ್ನು ಖರ್ಚಿನ ವಿಷಯ. ಅಮೆರಿಕದ ಅರಿಜೋನಾದಲ್ಲಿ ಲೆಟ್ಯೂಸ್ ಬಗ್ಗೆ 2015ರಲ್ಲಿ ಒಂದು ಲೆಕ್ಕ ಪ್ರಕಟವಾಯ್ತು. ಹೊಲಕ್ಕೆ ಹೋಲಿಸಿದ್ರೆ ಮಣ್ಣಿಲ್ಲದೆ ಬೆಳೆದದ್ದಕ್ಕೆ ಕೆಜಿಗೆ ಬೇಕಾದ ನೀರು ಹದಿಮೂರರಲ್ಲಿ ಒಂದು ಪಾಲು, ವಿದ್ಯುತ್ತು ಮುಂತಾದ ಶಕ್ತಿ ಮಾತ್ರ 82 ಪಟ್ಟು. ನೀರು ಉಳಿಸಬೇಕಾದ ಊರು ನಮ್ಮದು, ಸರಿ. ಆದರೆ ಬಿಸಿಲಿಗೆ ಬರ ಇಲ್ಲದ ಊರೂ ನಮ್ಮದೇ. ಕಿಟಕಿ ಬೆಳಕು ಬೀಳೋ ಕಡೆ ಡಬ್ಬಿ ಇಟ್ಟು, ಡಬ್ಬಿಗೆ ಮಾತ್ರ ಬೆಳಕು ತಾಗದ ಹಾಗೆ ದಪ್ಪ ಕಾಗದ ಸುತ್ತಿದ್ರೆ ಪಾಚಿನೂ ಕಟ್ಟೋದಿಲ್ಲ, ಲೈಟೂ ಅರ್ಧ ಉಳಿಯುತ್ತೆ.

ಕತ್ತರಿಸಿದ ಬೇರು ಚರಂಡಿಗೆ ಹಾಕಬೇಡಿ, ಕಟ್ಟಿಕೊಳ್ಳುತ್ತೆ. ಕರಿಬೇವಿನ ಬುಡದಲ್ಲಿ ಒಂದು ಗುದ್ದು ತೋಡಿ ಮುಚ್ಚಿ, ಹಳೇ ದ್ರಾವಣದ ನೀರನ್ನೂ ಅಲ್ಲೇ ಸುರೀರಿ. ರೋಗ ಹಿಡಿದು ಲೋಳೆಯಾದದ್ದನ್ನ ಮಾತ್ರ ಗಿಡದ ಹತ್ತಿರ ತರದೆ ಒಣಗಿಸಿ ಸುಟ್ಟುಬಿಡಿ. ಮೇಲಿಂದ ಕೊಯ್ದ ಪುದೀನದಲ್ಲಿ ಎಲೆ ಬಿಡಿಸ್ಕೊಂಡು, ಗಣ್ಣು ಇರೋ ಕಡ್ಡಿ ನಾಲ್ಕು ನೀರಲ್ಲಿ ನಿಲ್ಲಿಸಿ ಇಡಿ, ವಾರದಲ್ಲಿ ಬೇರು ಬಿಡುತ್ತೆ. ಆ ನಾಲ್ಕು ಕಡ್ಡಿ ನನಗೆ ಬೇಕು. ಎಲೆ ಚಟ್ನಿಗೆ ಆಗುತ್ತೆ. ಸಂಜೆ ಒಗ್ಗರಣೆ ಮಂಡಕ್ಕಿ ನಾನು ಮಾಡಿಸ್ತೀನಿ, ಹಸಿಮೆಣಸಿನಕಾಯಿ ಮಾತ್ರ ಕಮ್ಮಿ ಹಾಕಿ ಅರೀರಿ ಕಣಕ್ಕಾ, ಭಾವನೋರಿಗೆ ಖಾರ ಆಗಿಬರೋದಿಲ್ಲ.